ಬಚ್ಚಲಲ್ಲಿ ಗರುಡ, ಮನೆಯಲ್ಲಿ ಬಸುರಿ: ಗಾಯಗೊಂಡ ಹಕ್ಕಿಯಿಂದ ನಮಗೆ ಸೋಂಕು ಬರುತ್ತದೆಯೇ?

ಪ್ರಶ್ನೆ: ನಮ್ಮದು ಕಾರವಾರದ ಹತ್ತಿರ ಸದಾಶಿವಗಡ. ಮೂರು ದಿನದ ಹಿಂದೆ ನಮ್ಮ ಯಜಮಾನರು ಬೈತಖೋಲ ಬಂದರಿನಿಂದ ಒಂದು ಗರುಡನನ್ನು ತಂದರು. ಬಲೆಯ ತುಂಡು ರೆಕ್ಕೆಗೆ ಸುತ್ತಿಕೊಂಡು ಹಾರಲಾಗದೆ ಬಿದ್ದಿತ್ತಂತೆ. ದೇವರ ವಾಹನ, ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದರು. ಬಲೆ ಬಿಡಿಸುವಾಗ ಅವರ ಹೆಬ್ಬೆರಳಿನ ಬುಡಕ್ಕೆ ಉಗುರು ಚುಚ್ಚಿದೆ. ಅರಿಶಿನ ಹಚ್ಚಿದ್ದೇವೆ. ಹಕ್ಕಿಯನ್ನು ಹಿತ್ತಿಲ ಬಚ್ಚಲಲ್ಲಿಟ್ಟು ತಾರ್ಲೆ ಮೀನು ಹಾಕುತ್ತಿದ್ದೇವೆ. ಅದೇ ಬಚ್ಚಲನ್ನು ನಾವೂ ಬಳಸುತ್ತೇವೆ. ಇದರ ಜೊತೆಗೆ ನಿನ್ನೆ ಬೆಕ್ಕಿನ ಬಾಯಿಂದ ಬಿಡಿಸಿದ ಒಂದು ಗೊರವಂಕನ ಮರಿಯೂ ಇದೆ. ನಾಲ್ಕು ವರ್ಷದ ಮಗಳು ಅದಕ್ಕೆ ತಾನೇ ಅನ್ನ ತಿನ್ನಿಸುತ್ತಾಳೆ. ನಾದಿನಿ ಏಳು ತಿಂಗಳ ಬಸುರಿ, ಹೆರಿಗೆಗೆ ಬಂದಿದ್ದಾಳೆ. ಕಾಡಿನ ಹಕ್ಕಿ ಮನೆಯೊಳಗೆ ಬಂದರೆ ರೋಗ ಬರುತ್ತದೆ ಎಂದು ಅತ್ತೆ ಹೇಳುತ್ತಿದ್ದಾರೆ. ಇದು ನಿಜವೇ? ಮುಂಜಾಗ್ರತೆಗೆ ನಾವೆಲ್ಲ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳಬೇಕೇ?

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ಹುರುಳಿದೆ. ಆದರೆ ಹಕ್ಕಿ ಮನೆಗೆ ಬಂತು ಅಂದ ಮಾತ್ರಕ್ಕೆ ರೋಗ ಬರುವುದಿಲ್ಲ. ರೋಗಾಣು ನಮ್ಮೊಳಗೆ ಬರಲು ದಾರಿ ಬೇಕು. ಒಣಗಿದ ಹಿಕ್ಕೆ ಧೂಳಾಗಿ ಉಸಿರಿಗೆ ಹೋಗುವುದು ಒಂದು ದಾರಿ. ಹಿಕ್ಕೆ ತಾಗಿದ ಕೈ ಬಾಯಿಗೆ ಹೋಗುವುದು ಇನ್ನೊಂದು. ಚುಚ್ಚಿದ ಗಾಯ ಮೂರನೆಯದು. ನಿಮ್ಮ ಮನೆಯಲ್ಲಿ ಈಗ ಮೂರೂ ತೆರೆದೇ ಇವೆ. ಮೂರನ್ನೂ ಇವತ್ತೇ ಮುಚ್ಚಬಹುದು, ಹಕ್ಕಿಯನ್ನು ಬೀದಿಗೆ ಬಿಡಬೇಕಾಗಿಯೂ ಇಲ್ಲ. ಮಾತ್ರೆಯ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಯಜಮಾನರ ಕೈ. ಹಕ್ಕಿ ಅಂದರೆ ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ಗರುಡ, ಹದ್ದು, ಗೂಬೆಗಳ ಆಯುಧ ಕಾಲು. ಆ ಉಗುರು ಚುಚ್ಚಿದಾಗ ಹೊರಗೆ ಕಾಣುವುದು ಸಾಸಿವೆಯಷ್ಟು ತೂತು. ಒಳಗೆ ಮಾತ್ರ ಗಾಯ ಆಳವಾಗಿರುತ್ತದೆ. ಮೇಲಿನ ಚರ್ಮ ಒಂದೇ ದಿನದಲ್ಲಿ ಕೂಡಿಕೊಂಡು, ಒಳಗೆ ಹೋದ ಕೊಳೆ ಅಲ್ಲೇ ಉಳಿಯುತ್ತದೆ. ಗಾಳಿ ಆಡದ ಅಂಥ ಜಾಗ ಧನುರ್ವಾಯುವಿನ ರೋಗಾಣುವಿಗೆ ಬೇಕಾದ ಜಾಗ. ಹೆಬ್ಬೆರಳಿನ ಬುಡ ಅಂದಿದ್ದೀರಿ. ಅಲ್ಲಿ ಕೀಲು, ನರ, ಸ್ನಾಯುವಿನ ಹುರಿ ಎಲ್ಲ ಹತ್ತಿರ ಹತ್ತಿರ ಇವೆ. ಕೀವು ಆ ಹುರಿಯ ದಾರಿ ಹಿಡಿದರೆ ಬೆರಳು ಮಡಚುವುದೇ ಕಷ್ಟವಾಗುತ್ತದೆ. ಆದ್ದರಿಂದ ಅರಿಶಿನ ಸಾಲದು. ಐದು ವರ್ಷದೊಳಗೆ ಟಿಟಿ ಇಂಜೆಕ್ಷನ್ (ಈಗ ಟಿಡಿ ಎಂದು ಕೊಡುತ್ತಾರೆ) ಆಗಿಲ್ಲದಿದ್ದರೆ ಇವತ್ತೇ ಹೋಗಿ ಹಾಕಿಸಿಕೊಳ್ಳಲಿ. ಮೂರು ದಿನ ಆಯಿತಲ್ಲ, ಇನ್ನೇನು ಅಂತ ಬಿಡುವುದು ಬೇಡ.

ಇನ್ನೊಂದು ವಿಷಯ ನಮ್ಮ ಕರಾವಳಿಗೇ ಸೇರಿದ್ದು. ಆ ಗಾಯಕ್ಕೆ ತಾಗಿದ್ದು ಹಕ್ಕಿಯ ಉಗುರು ಮಾತ್ರ ಅಲ್ಲ. ಮೀನಿನ ಲೋಳೆ, ಬಂದರಿನ ನೀರು, ಹಳೆ ಬಲೆ ಎಲ್ಲವೂ ಸೇರಿವೆ. ಮೀನು ಕೊಯ್ಯುವವರ ಬೆರಳಿಗೆ ಬರುವ ಒಂದು ಸೋಂಕಿದೆ. ಗೀರಿದ ಜಾಗದ ಸುತ್ತ ಚರ್ಮ ನೇರಳೆ ಕೆಂಪಾಗಿ ಊದಿಕೊಳ್ಳುತ್ತದೆ, ಉರಿ ಮತ್ತು ನೋವು ಗಾಯದ ಗಾತ್ರಕ್ಕೆ ಹೋಲಿಸಿದರೆ ತೀರಾ ಜಾಸ್ತಿ, ಆದರೆ ಕೀವು ಇರುವುದಿಲ್ಲ. ಎರಿಸಿಪೆಲೋಥ್ರಿಕ್ಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮೀನಿನಲ್ಲೂ ಇರುತ್ತದೆ, ಹಕ್ಕಿಗಳಲ್ಲೂ ಇರುತ್ತದೆ. ತಾಗಿ ಎರಡರಿಂದ ಏಳು ದಿನದೊಳಗೆ ಕಾಣಿಸುತ್ತದೆ. ಪೆನ್ಸಿಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ. ಇದಕ್ಕಿಂತ ಅಪರೂಪದ್ದು, ಆದರೆ ತುಂಬಾ ಅಪಾಯದ್ದು ವಿಬ್ರಿಯೋ ವಲ್ನಿಫಿಕಸ್. ಕಾಳಿ ನದಿ ಕಡಲು ಸೇರುವಂಥ ಕಡೆ, ಬೆಚ್ಚಗಿನ ಉಪ್ಪು ಮಿಶ್ರಿತ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಇದು. ಗಾಯ ಕೆಲವೇ ಗಂಟೆಗಳಲ್ಲಿ ಊದುತ್ತಾ ಮೇಲೇರುತ್ತದೆ, ನೀರುಗುಳ್ಳೆ ಏಳುತ್ತವೆ, ಜ್ವರ ಬರುತ್ತದೆ. ಯಕೃತ್ತಿನ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದವರಲ್ಲಿ ಜೀವಕ್ಕೇ ಸಂಚಕಾರ. ಮೂರು ದಿನ ಕಳೆದಿರುವುದರಿಂದ ನಿಮ್ಮ ಯಜಮಾನರಿಗೆ ಇದು ಬರುವ ಸಾಧ್ಯತೆ ಕಡಿಮೆ. ಬಂದರಿನಲ್ಲಿ ಕೆಲಸ ಮಾಡುವ ಬೇರೆ ಓದುಗರಿಗಾಗಿ ಹೇಳಿದೆ. ಹೀಗಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಮುಂದೆ ಯಾರಿಗಾದರೂ ಉಗುರು ಚುಚ್ಚಿದರೆ ಮಾಡಬೇಕಾದದ್ದು ಸುಲಭ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ತೂತನ್ನು ಬಿಗಿಯಾಗಿ ಕಟ್ಟಬೇಡಿ. ಸುಣ್ಣ, ಕಾಫಿಪುಡಿ ಒತ್ತಬೇಡಿ.

ಈಗ ಧೂಳಿನ ವಿಷಯ. ನನ್ನ ಪ್ರಕಾರ ಹಕ್ಕಿ ಆರೈಕೆ ಮಾಡುವವರು ಅತಿ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುವ ಅಪಾಯ ಇದೇ. ಸಿಟಕೋಸಿಸ್ ಎಂಬ ರೋಗವಿದೆ. ಗಿಳಿಜ್ವರ ಎಂದೂ ಹೇಳುತ್ತಾರೆ. ಕ್ಲಮೈಡಿಯಾ ಸಿಟಾಸಿ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಸಾಗಿಸಿದ ಗಿಳಿಗಳಿಂದ ಯುರೋಪು, ಅಮೆರಿಕಗಳಲ್ಲಿ ನೂರಾರು ಜನ ನ್ಯುಮೋನಿಯಾಕ್ಕೆ ತುತ್ತಾದರು. ಆಗ ಆಂಟಿಬಯೋಟಿಕ್ ಇರಲಿಲ್ಲ. ಹಳೆ ಕಥೆ ಅನ್ನಿಸಬಹುದು. ಆದರೆ 2024ರ ಆರಂಭದಲ್ಲಿ ಕೂಡ ಯುರೋಪಿನ ಕೆಲವು ದೇಶಗಳಲ್ಲಿ ಈ ರೋಗ ಹೆಚ್ಚಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ರೋಗ ಬಂದವರಲ್ಲಿ ಹೆಚ್ಚಿನವರಿಗೆ ಸಾಕುಹಕ್ಕಿ ಅಥವಾ ಕಾಡುಹಕ್ಕಿಯ ಸಂಪರ್ಕ ಇತ್ತು.

ಗಿಳಿ, ಪಾರಿವಾಳ, ಚೋರೆ ಹಕ್ಕಿಗಳಲ್ಲಿ ಇದು ಜಾಸ್ತಿ. ಗರುಡನಂಥ ಬೇಟೆಹಕ್ಕಿಗಳಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಮೋಸ ಎಲ್ಲಿದೆ ಅಂದರೆ, ರೋಗಾಣು ಹೊತ್ತ ಹಕ್ಕಿ ನೋಡಲು ಆರೋಗ್ಯವಾಗಿಯೇ ಇರಬಹುದು. ಹೆದರಿಕೆ, ಗಾಯ, ಹಸಿವು, ಹೊಸ ಜಾಗದ ಒತ್ತಡ ಬಿದ್ದಾಗ ಅದು ಹಿಕ್ಕೆಯಲ್ಲಿ ರೋಗಾಣುವನ್ನು ಹೊರಹಾಕಲು ಶುರು ಮಾಡುತ್ತದೆ. ಆರೈಕೆಗೆ ಬರುವ ಹಕ್ಕಿಗೆ ಈ ನಾಲ್ಕೂ ಇರುತ್ತವೆ ಅಲ್ವಾ? ಒಣಗಿದ ಹಿಕ್ಕೆಯಲ್ಲಿ ಈ ಬ್ಯಾಕ್ಟೀರಿಯಾ ಒಂದು ತಿಂಗಳಿಗೂ ಹೆಚ್ಚು ಕಾಲ ಬದುಕಬಲ್ಲದು. ನಾವು ಕಸಬರಿಗೆ ತೆಗೆದುಕೊಂಡು ಬರಬರ ಗುಡಿಸಿದರೆ ಅದು ಕಣ್ಣಿಗೆ ಕಾಣದ ಧೂಳಾಗಿ ಏಳುತ್ತದೆ. ಅದನ್ನೇ ಉಸಿರಾಡುತ್ತೇವೆ. ಹಕ್ಕಿಯನ್ನು ಮುಟ್ಟದವರಿಗೂ ರೋಗ ಬರುವುದು ಹೀಗೆ.

ಹಾಗಾಗಿ ಒಂದು ನಿಯಮ ಮಾತ್ರ ತಪ್ಪಬೇಡಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ಮೊದಲು ಸೋಪುನೀರು ಚಿಮುಕಿಸಿ ಪೂರ್ತಿ ಒದ್ದೆ ಮಾಡಿ. ಐದು ನಿಮಿಷ ಬಿಡಿ. ಆಮೇಲೆ ಕಾಗದದಲ್ಲಿ ಬಳಿದು ತೆಗೆಯಿರಿ. ಪೆಟ್ಟಿಗೆಯ ತಳಕ್ಕೆ ದಿನಪತ್ರಿಕೆ ಹಾಸಿದರೆ ಕೆಲಸ ಇನ್ನೂ ಹಗುರ. ದಿನಾ ಬೆಳಿಗ್ಗೆ ಪತ್ರಿಕೆಗೆ ನೀರು ಚಿಮುಕಿಸಿ, ಒಳಮುಖವಾಗಿ ಸುತ್ತಿ, ಚೀಲದಲ್ಲಿ ಕಟ್ಟಿ ಹಾಕಿ. ಜೋರಾಗಿ ನೀರು ಹೊಡೆಯುವ ಪೈಪ್ ಬೇಡ, ಅದೂ ಹನಿಗಳನ್ನು ಗಾಳಿಗೆ ಏಳಿಸುತ್ತದೆ. ಮಾಸ್ಕ್ ಹಾಕುವುದಾದರೆ ಎನ್95 ಹಾಕಿ. ತೆಳು ನೀಲಿ ಮಾಸ್ಕು ಇಷ್ಟು ಸಣ್ಣ ಧೂಳನ್ನು ತಡೆಯುವುದಿಲ್ಲ. ಶಿರಸಿ, ಯಲ್ಲಾಪುರ ಕಡೆಯ ಹಂಚಿನ ಮನೆಗಳ ಅಟ್ಟದಲ್ಲಿ ಪಾರಿವಾಳ ಕೂತಿದ್ದರೆ, ಹಬ್ಬಕ್ಕೆ ಅಟ್ಟ ಗುಡಿಸುವಾಗಲೂ ಇದೇ ಕ್ರಮ.

ಬಚ್ಚಲಿನಿಂದ ಹಕ್ಕಿಯನ್ನು ಇವತ್ತೇ ಬೇರೆ ಕಡೆಗೆ ಸಾಗಿಸಿ. ನಮ್ಮಲ್ಲಿ ಗಾಯಗೊಂಡ ಹಕ್ಕಿ ಸಿಕ್ಕಿದರೆ ಬಚ್ಚಲ ಒಲೆಯ ಬೆಚ್ಚಗಿನ ಮೂಲೆಯಲ್ಲಿ ಇಡುವುದು ರೂಢಿ. ಮನಸ್ಸು ಒಳ್ಳೆಯದೇ. ಆದರೆ ಮನೆಮಂದಿ ಎಲ್ಲ ಬರಿಗಾಲಲ್ಲಿ ಓಡಾಡುವ, ಹಲ್ಲುಜ್ಜುವ, ಮಗುವಿಗೆ ಸ್ನಾನ ಮಾಡಿಸುವ ಜಾಗ ಅದು. ಒಲೆಯ ಹೊಗೆ ಹಕ್ಕಿಯ ಶ್ವಾಸಕ್ಕೂ ಕೆಟ್ಟದ್ದು. ಅಡುಗೆಮನೆಯಂತೂ ಬೇಡವೇ ಬೇಡ. ಕಟ್ಟಿಗೆ ಕೊಟ್ಟಿಗೆ, ಬೈಕು ನಿಲ್ಲಿಸುವ ಶೆಡ್ಡು, ಗಾಳಿಯಾಡುವ ಯಾವುದಾದರೂ ಮೂಲೆ ಆಗುತ್ತದೆ. ತೂತು ಮಾಡಿದ ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಲುಂಗಿ, ಮೇಲೆ ಒಂದು ಬಟ್ಟೆ ಮುಚ್ಚಿದರೆ ಸಾಕು. ಕತ್ತಲಿದ್ದರೆ ಹಕ್ಕಿ ತಣ್ಣಗೆ ಕೂತಿರುತ್ತದೆ. ಚಳಿ ಅನಿಸಿದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಪಕ್ಕದಲ್ಲಿಡಿ.

ಪೆಟ್ಟಿಗೆ, ತಟ್ಟೆ, ಬಟ್ಟೆಗಳನ್ನು ಬಾವಿಕಟ್ಟೆಯ ಹತ್ತಿರ ತೊಳೆಯಬೇಡಿ. ಮಳೆಗಾಲದಲ್ಲಿ ಆ ನೀರು ಎಲ್ಲಿಗೆ ಇಳಿಯುತ್ತದೆ ಎಂಬುದು ನಿಮಗೇ ಗೊತ್ತು. ತಾರ್ಲೆ ಕೊಯ್ಯುವ ಚೂರಿ, ಹಲಗೆ ಬೇರೆಯಿರಲಿ. ಅರ್ಧ ಗಂಟೆಯಲ್ಲಿ ತಿನ್ನದ ಮೀನನ್ನು ತೆಗೆದುಬಿಡಿ. ನಮ್ಮ ಸೆಕೆಗೆ ಅದು ಬೇಗ ಕೆಡುತ್ತದೆ.

ನಾದಿನಿಯನ್ನು ಹಕ್ಕಿಯ ಹತ್ತಿರ ಬಿಡಲೇಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. ಬಸುರಿಯಲ್ಲಿ ಸಿಟಕೋಸಿಸ್ ಅಪರೂಪ, ಬಂದರೆ ತಾಯಿಗೂ ಮಗುವಿಗೂ ಗಂಡಾಂತರ. ಹಕ್ಕಿಯ ಬಟ್ಟೆ ಒಗೆಯುವುದೂ ಅವರ ಕೆಲಸ ಆಗಬಾರದು. ಐದು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಬದಲಾಯಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ತಿನ್ನುವವರು ಕೂಡ ದೂರವೇ ಇರಬೇಕು. ಮನೆಯಲ್ಲಿ ಒಬ್ಬರೇ ಹಕ್ಕಿಯನ್ನು ನೋಡಿಕೊಂಡರೆ ಒಳ್ಳೆಯದು. ಅವರಿಗೊಂದು ಬೇರೆ ಅಂಗಿ, ಬೇರೆ ಚಪ್ಪಲಿ ಇರಲಿ.

ಇನ್ನು ಮಗಳು ಮತ್ತು ಗೊರವಂಕನ ಮರಿ. ಅವಳ ಪ್ರೀತಿಯನ್ನು ಬೈದು ಓಡಿಸಬೇಡಿ, ಆದರೆ ಕೈಯಾರೆ ತಿನ್ನಿಸುವುದನ್ನು ನಿಲ್ಲಿಸಿ. ಹಕ್ಕಿಗಳ ಕರುಳಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಹಕ್ಕಿಗೆ ಏನೂ ಮಾಡದೆ ಆರಾಮಾಗಿ ಇರಬಲ್ಲವು. ಕ್ಯಾಂಪಿಲೋಬ್ಯಾಕ್ಟರ್‌ಗೆ 42 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ ಇಷ್ಟ, ಹಕ್ಕಿಯ ಮೈ ಬಿಸಿ ಹೆಚ್ಚುಕಡಿಮೆ ಅಷ್ಟೇ. ಮಗು ಮರಿಯನ್ನು ಮುಟ್ಟುತ್ತದೆ, ಬೆರಳು ಚೀಪುತ್ತದೆ. ದಾರಿ ಅಷ್ಟೇ. ಸಾಲ್ಮೊನೆಲ್ಲಾ ಆದರೆ ಆರು ಗಂಟೆಯಿಂದ ಆರು ದಿನದೊಳಗೆ, ಕ್ಯಾಂಪಿಲೋಬ್ಯಾಕ್ಟರ್ ಆದರೆ ಎರಡರಿಂದ ಐದು ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ತಾನಾಗಿ ವಾಸಿಯಾಗುತ್ತದೆ. ಸಣ್ಣ ಮಕ್ಕಳಲ್ಲಿ ಮೈಯ ನೀರು ಬೇಗ ಬತ್ತುತ್ತದೆ, ಸಾಲ್ಮೊನೆಲ್ಲಾ ಕೆಲವೊಮ್ಮೆ ರಕ್ತಕ್ಕೂ ಸೇರುತ್ತದೆ. ಭೇದಿಯಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾದರೆ ಒಆರ್‌ಎಸ್ ಕುಡಿಸುತ್ತಲೇ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಕಸದ ರಾಶಿಯಲ್ಲಿ ತಿನ್ನುವ ಕಾಗೆ, ಹದ್ದು, ಕಡಲಹಕ್ಕಿಗಳಲ್ಲಿ ಇದರ ಔಷಧಿಗೆ ಬಗ್ಗದ ತಳಿಗಳು ಜಗತ್ತಿನ ಹಲವು ಕಡೆ ಸಿಕ್ಕಿವೆ.

ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆದರೆ ಈ ದಾರಿಯ ಬಹುಪಾಲು ಮುಚ್ಚಿಹೋಗುತ್ತದೆ. ಸ್ಯಾನಿಟೈಸರ್ ಕೊಳೆ ಹತ್ತಿದ ಕೈಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಗ್ಲೌಸ್ ಹಾಕಿದ್ದರೂ ತೆಗೆದ ಮೇಲೆ ಕೈ ತೊಳೆಯಲೇಬೇಕು.

ಮರಿ ಬೆಕ್ಕಿನ ಬಾಯಿಂದ ಬಂದದ್ದು ಅಂದಿರಲ್ಲ, ಅಲ್ಲಿ ನನಗೆ ಎರಡು ಚಿಂತೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಹಲ್ಲಿನ ಒಂದು ಸಣ್ಣ ಗುರುತು ಸಾಕು, ಅದು ಹಕ್ಕಿಯ ರಕ್ತ ಸೇರಿ ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಗರಿಯಡಿಯ ಗಾಯ ಕಾಣುವುದೂ ಇಲ್ಲ. ಬೆಳಿಗ್ಗೆ ಚೆನ್ನಾಗಿತ್ತು, ಸಂಜೆ ಸತ್ತಿತು ಎಂದು ಜನ ಅಳುತ್ತಾ ಹೇಳುವ ಮರಿಗಳಲ್ಲಿ ಎಷ್ಟೋ ಇಂಥವೇ. ಆದ್ದರಿಂದ ಬೆಕ್ಕು ಕಚ್ಚಿದ ಹಕ್ಕಿಯನ್ನು ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ನಿಮ್ಮ ಮರಿಗೆ ಈಗಾಗಲೇ ಒಂದು ದಿನ ಹೋಗಿದೆ, ಇದನ್ನು ಓದಿದ ಕೂಡಲೇ ಹೊರಡಿ. ಅನ್ನ ಅದರ ಆಹಾರ ಅಲ್ಲ. ಬಾಯಿಗೆ ನೀರು ಹನಿಸುವುದಂತೂ ಬೇಡ, ಶ್ವಾಸನಾಳಕ್ಕೆ ಇಳಿಯುತ್ತದೆ.

ಎರಡನೆಯ ಚಿಂತೆ, ಮರಿಯನ್ನು ಬಿಡಿಸುವಾಗ ಬೆಕ್ಕು ಯಾರಿಗಾದರೂ ಕಚ್ಚಿತೇ, ಪರಚಿತೇ? ಹಕ್ಕಿಗಳಿಂದ ರೇಬೀಸ್ ಬರುವುದಿಲ್ಲ. ಬೆಕ್ಕಿನಿಂದ ಬರುತ್ತದೆ. ಚರ್ಮ ಗೀರಿದ್ದರೂ ಸಾಕು, ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ. ಮಗಳನ್ನು ಕೇಳಿದರೆ ಬೈಯುತ್ತೀರಿ ಅಂತ ಮುಚ್ಚಿಡಬಹುದು. ಅವಳ ಕೈಕಾಲು ನೀವೇ ನೋಡಿ.

ನಿಮ್ಮ ಮಾತ್ರೆಯ ಪ್ರಶ್ನೆಗೆ ಬರುತ್ತೇನೆ. ಬೇಡ. ರೋಗವಿಲ್ಲದೆ ಆಂಟಿಬಯೋಟಿಕ್ ತಿಂದರೆ ಲಾಭವಿಲ್ಲ. ಯಾವ ರೋಗಾಣುವಿಗೆ ಎಂದು ತಿಳಿಯದೆ ತಿಂದ ಮಾತ್ರೆ, ನಾಳೆ ನಿಜವಾಗಿ ಬೇಕಾದಾಗ ಕೆಲಸ ಮಾಡದಿರಬಹುದು. ಸಿಟಕೋಸಿಸ್‌ಗೆ ವೈದ್ಯರು ಕೊಡುವುದು ಡಾಕ್ಸಿಸೈಕ್ಲಿನ್. ಅದನ್ನು ಬಸುರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮನೆಮಂದಿಗೆಲ್ಲ ಒಂದೇ ಸ್ಟ್ರಿಪ್ ಹಂಚುವುದು ಎಷ್ಟು ಅಪಾಯ ನೋಡಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿಮಾಡಿ ಹಕ್ಕಿಯ ನೀರಿಗೆ ಹಾಕುವುದನ್ನೂ ನೋಡಿದ್ದೇನೆ. ಅರೆಬರೆ ಔಷಧಿಯಿಂದ ರೋಗ ಹೋಗುವುದಿಲ್ಲ, ಅಡಗುತ್ತದೆ ಅಷ್ಟೇ. ಆಮೇಲೆ ಪರೀಕ್ಷೆಯಲ್ಲೂ ಸಿಕ್ಕುವುದಿಲ್ಲ.

ಮಾತ್ರೆಗಿಂತ ನಿಮ್ಮನ್ನು ಕಾಯುವುದು ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರ ಮುಂದೆ ಕೂತ ಕೂಡಲೇ ‘ನಮ್ಮ ಮನೆಯಲ್ಲಿ ಕಾಡುಹಕ್ಕಿ ಇತ್ತು’ ಎಂದು ಹೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಜ್ವರ ಅಂದರೆ ವೈದ್ಯರ ಮನಸ್ಸಿಗೆ ಡೆಂಗಿ ಬರುತ್ತದೆ, ಇಲಿಜ್ವರ ಬರುತ್ತದೆ, ಸಿದ್ದಾಪುರ, ಶಿರಸಿ ಕಡೆ ಬೇಸಿಗೆಯಾದರೆ ಮಂಗನ ಕಾಯಿಲೆ ಬರುತ್ತದೆ. ಸಿಟಕೋಸಿಸ್ ಶುರುವಾಗುವುದೂ ಹಾಗೆಯೇ: ಚಳಿಜ್ವರ, ತೀವ್ರ ತಲೆನೋವು, ಮೈಕೈ ನೋವು. ಒಣಕೆಮ್ಮು ಕೆಲವು ದಿನ ತಡವಾಗಿ ಬರುತ್ತದೆ. ನ್ಯುಮೋನಿಯಾಕ್ಕೆ ಮೊದಲು ಕೊಡುವ ಪೆನ್ಸಿಲಿನ್ ಜಾತಿಯ ಔಷಧಿಗಳಿಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಸರಿಯಾದ ಔಷಧಿ ಬಿದ್ದರೆ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ, ಸಾವು ತೀರಾ ವಿರಳ. ಹಕ್ಕಿಯ ಸುದ್ದಿ ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯುವುದಾದರೂ ಹೇಗೆ?

ಮಂಗನ ಕಾಯಿಲೆ ಹಕ್ಕಿಯಿಂದ ಬರುತ್ತದೆಯೇ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಅದು ವೈರಸ್, ಉಣುಗಿನ ಕಡಿತದಿಂದ ಬರುವಂಥದ್ದು. ಕಾಡುಕೋಳಿಯಂಥ ನೆಲದಲ್ಲಿ ಓಡಾಡುವ ಹಕ್ಕಿಗಳ ಮೈಮೇಲೆ ಮರಿ ಉಣುಗು ಇರಬಹುದು. ಹಾಗಾಗಿ ಅಂಥ ಹಕ್ಕಿಯನ್ನು ಬರಿಗೈಯಲ್ಲಿ ಎದೆಗೆ ಒತ್ತಿ ತರಬೇಡಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತನ್ನಿ. ಸೋಂದಾದ ಮುಂಡಿಗೆಕೆರೆಯ ಕಡೆ ಮಳೆಗಾಲದಲ್ಲಿ ಗೂಡಿನಿಂದ ಬಿದ್ದ ಬೆಳ್ಳಕ್ಕಿ ಮರಿ ಸಿಕ್ಕಿದವರು ಇನ್ನೊಂದು ಗಮನಿಸಿ. ಹಿಡಿದ ಕೂಡಲೇ ಅವು ತಿಂದ ಮೀನನ್ನೆಲ್ಲ ಕಕ್ಕುತ್ತವೆ, ಕಣ್ಣಿಗೆ ಗುರಿಯಿಟ್ಟು ಕುಕ್ಕುತ್ತವೆ. ಕನ್ನಡಕ ಹಾಕಿಕೊಳ್ಳಿ, ಮುಖದಿಂದ ದೂರ ಹಿಡಿಯಿರಿ. ಒಂದೇ ಕಡೆ ಹಲವು ಕಾಗೆ, ಕೋಳಿ ಅಥವಾ ನೀರುಹಕ್ಕಿ ಸತ್ತು ಬಿದ್ದಿದ್ದರೆ ಮಾತ್ರ ಯಾವುದನ್ನೂ ಮುಟ್ಟಬೇಡಿ. ಅದು ಹಕ್ಕಿಜ್ವರ ಇರಬಹುದು. ಪಶುಸಂಗೋಪನಾ ಇಲಾಖೆಗೆ ಫೋನ್ ಮಾಡಿ.

ನಿಮ್ಮ ಗರುಡನನ್ನು ನೀವೇ ವಾಸಿಮಾಡಿ ಹಾರಿಸುವ ಆಸೆ ಇರಬಹುದು. ಬಲೆ ಸುತ್ತಿದ ರೆಕ್ಕೆಗೆ ರಕ್ತ ಓಡದೆ, ಮೂರು ನಾಲ್ಕು ದಿನದ ಮೇಲೆ ಮಾಂಸ ಸಾಯುವುದುಂಟು. ಅದನ್ನು ನೋಡಲು ಪಶುವೈದ್ಯರೇ ಬೇಕು. ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಪ್ರಾಣಿ ಪಕ್ಷಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು. ಆ ಹೊತ್ತು ದಾಟಿದೆ. ಕೇಸಿಗೆ ಹೆದರಿ ಇನ್ನೂ ಮುಚ್ಚಿಡಬೇಡಿ. ಇವತ್ತೇ ವಲಯ ಅರಣ್ಯ ಕಚೇರಿಗೆ ಹೋಗಿ, ಎಲ್ಲಿ, ಯಾವಾಗ, ಹೇಗೆ ಸಿಕ್ಕಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಗೊರವಂಕನನ್ನೂ ಅವರಿಗೆ ತಿಳಿಸಿ.

ಹಕ್ಕಿ ಹೋದ ಮೇಲೆ ಬಚ್ಚಲು ತೊಳೆಯುವ ಕೆಲಸವಿದೆ. ಮೊದಲು ಸೋಪುನೀರಲ್ಲಿ ನೆನೆಸಿ ಹಿಕ್ಕೆಯನ್ನೆಲ್ಲ ತೆಗೆಯಿರಿ. ಕೊಳೆಯ ಮೇಲೆ ಬ್ಲೀಚಿಂಗ್ ಹಾಕಿದರೆ ಪ್ರಯೋಜನವಿಲ್ಲ. ಆಮೇಲೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಬ್ಲೀಚಿಂಗ್ ಪುಡಿ ಕಲಸಿ, ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಇದರ ಜೊತೆ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಮರುಬಳಕೆ ಮಾಡಬೇಡಿ. ಬಟ್ಟೆಯನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಹಕ್ಕಿ ಮನೆಯಿಂದ ಹೋದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಸಿಟಕೋಸಿಸ್ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಇನ್ನೂ ತಡವಾಗಬಹುದು. ಅಲ್ಲಿಂದ ಮುಂದಿನ ಎರಡು ಮೂರು ವಾರ ಮನೆಯಲ್ಲಿ ಯಾರಿಗೇ ಜ್ವರ ಬಂದರೂ, ಅದರಲ್ಲೂ ನಾದಿನಿಗೆ ಬಂದರೆ, ಆ ತಾರೀಕನ್ನು ವೈದ್ಯರಿಗೆ ಹೇಳಿ.